ಕಾಡನ್ನೇ ತವರೆಂದು ಕಾದ ಗೌರಾದೇವಿ

ಊರಿನ ಗೋಮಾಳ, ಕೆರೆಯಂಗಳ, ದೇವರ ಕಾಡು, ಸೊಪ್ಪಿನ ಬೆಟ್ಟ ಇವನ್ನೆಲ್ಲ ಕಾಯಬೇಕಾದವರು ಯಾರು ಎಂದು ಕೇಳಿದರೆ ಬಹಳ ಮಂದಿ ಅರಣ್ಯ ಇಲಾಖೆಯ ಗಾರ್ಡಿನತ್ತ ಬೆರಳು ತೋರಿಸುತ್ತಾರೆ. ಸಂಬಳ ತೆಗೆದುಕೊಳ್ಳುವವನು ಕಾಯಲಿ ಎಂಬುದು ಅವರ ವಾದ. ಆದರೆ ಸಂಬಳವಿಲ್ಲದೆ, ಸರ್ಕಾರಿ ಹುದ್ದೆ ಇಲ್ಲದೆ, ಶಾಲೆಯ ಮೆಟ್ಟಿಲು ಹತ್ತದೆ ತನ್ನೂರಿನ ಕಾಡನ್ನು ಉಳಿಸಿಕೊಂಡ ಒಬ್ಬ ರೈತ ಹೆಣ್ಣುಮಗಳು ನಮ್ಮ ದೇಶದಲ್ಲೇ ಇದ್ದರು. ಅವರೇ ಹಿಮಾಲಯದ ರೇಣಿ ಗ್ರಾಮದ ಗೌರಾದೇವಿ. ಚಿಪ್ಕೋ ಚಳವಳಿಯ ಮಾತು ಬಂದಾಗಲೆಲ್ಲ ಅವರ ಹೆಸರು ಬರುತ್ತದೆ. ಆದರೆ ಆ ಒಂದು ದಿನದ ಹಿಂದೆ ಮುಂದೆ ಅವರ ಬಾಳು ಹೇಗಿತ್ತು ಎಂಬುದು ಅಷ್ಟಾಗಿ ತಿಳಿದಿಲ್ಲ. ರೈತರು ತಿಳಿಯಬೇಕಾದ ಸಂಗತಿ ಇರುವುದು ಅಲ್ಲಿಯೇ.

ಕಷ್ಟದ ಸಂಸಾರ

ಗೌರಾದೇವಿ ಹುಟ್ಟಿದ್ದು 1925ರಲ್ಲಿ, ಗಢವಾಲ ಪ್ರಾಂತದ ಲಾತಾ ಎಂಬ ಹಳ್ಳಿಯಲ್ಲಿ. ಇಂದು ಅದು ಉತ್ತರಾಖಂಡ ರಾಜ್ಯದ ಚಮೋಲಿ ಜಿಲ್ಲೆಗೆ ಸೇರಿದೆ. ಅವರದು ಭೋಟಿಯಾ ಜನಾಂಗದ ತೋಲ್ಛಾ ಪಂಗಡ. ಕುರಿ ಸಾಕುವುದು, ಉಣ್ಣೆ ನೂಲುವುದು, ಕಡಿದಾದ ಇಳಿಜಾರಿನಲ್ಲಿ ಮೆಟ್ಟಿಲು ಮೆಟ್ಟಿಲಾಗಿ ಕಟ್ಟಿದ ತುಂಡು ಹೊಲಗಳಲ್ಲಿ ರಾಜಗಿರಿ, ರಾಜ್ಮಾ, ಆಲೂಗಡ್ಡೆ ಬೆಳೆಯುವುದು, ಬೇಸಿಗೆಯಲ್ಲಿ ಕಣಿವೆ ದಾಟಿ ಟಿಬೆಟ್ಟಿನ ಕಡೆ ವ್ಯಾಪಾರಕ್ಕೆ ಹೋಗುವುದು ಆ ಜನರ ಕಸುಬು.

ಹನ್ನೆರಡನೆಯ ವಯಸ್ಸಿಗೇ ಗೌರಾದೇವಿಯವರನ್ನು ಹತ್ತಿರದ ರೇಣಿ ಗ್ರಾಮದ ಮೆಹರಬಾನ್ ಸಿಂಗ್ ಎಂಬವರಿಗೆ ಮದುವೆ ಮಾಡಿಕೊಟ್ಟರು. ಇಪ್ಪತ್ತೆರಡರಲ್ಲಿ ಗಂಡ ತೀರಿಕೊಂಡರು. ಮಡಿಲಲ್ಲಿ ಎರಡೂವರೆ ವರ್ಷದ ಗಂಡುಮಗು. ಹೊಲ, ಕುರಿ, ಮನೆ ಎಲ್ಲವನ್ನೂ ಒಬ್ಬರೇ ತೂಗಿಸಿಕೊಂಡು ಮಗನನ್ನು ಬೆಳೆಸಿದರು. 1962ರಲ್ಲಿ ಚೀನಾದೊಡನೆ ಯುದ್ಧವಾದಾಗ ಟಿಬೆಟ್ಟಿನ ದಾರಿ ಮುಚ್ಚಿತು. ತಲೆತಲಾಂತರದ ವ್ಯಾಪಾರ ನಿಂತುಹೋಯಿತು. ಅಂದಿನಿಂದ ಆ ಕಣಿವೆಯ ಜನರಿಗೆ ಉಳಿದದ್ದು ಎರಡೇ ಆಸರೆ: ಕೈಯಗಲದ ಹೊಲ ಮತ್ತು ಊರ ಮೇಲಿನ ಕಾಡು.

ಹೊಲಕ್ಕೂ ಕಾಡಿಗೂ ಇರುವ ನಂಟನ್ನು ನಮ್ಮ ಮಲೆನಾಡಿನವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ದನಕ್ಕೆ ಹುಲ್ಲು, ಕೊಟ್ಟಿಗೆಗೆ ತರಗೆಲೆ, ಗದ್ದೆಗೆ ಗೊಬ್ಬರ, ಒಲೆಗೆ ಸೌದೆ, ನೇಗಿಲು ನೊಗಕ್ಕೆ ಮರ, ಕುಡಿಯಲು ಒರತೆಯ ನೀರು ಎಲ್ಲವೂ ಕಾಡಿನಿಂದಲೇ ಬರಬೇಕು. ಇದೆಲ್ಲವನ್ನು ತಲೆಯ ಮೇಲೆ ಹೊತ್ತು ತರುತ್ತಿದ್ದವರು ಹೆಂಗಸರು. ಹೀಗಾಗಿ ಕಾಡು ದೂರ ಸರಿದರೆ ಅದರ ನೋವು ಮೊದಲು ತಟ್ಟುವುದು ಅವರ ಕಾಲಿಗೆ, ಅವರ ಬೆನ್ನಿಗೆ.

ನೆರೆ ಕಲಿಸಿದ ಪಾಠ

1970ರ ಜುಲೈ ತಿಂಗಳಲ್ಲಿ ಅಲಕನಂದಾ ನದಿಗೆ ಭಾರಿ ಪ್ರವಾಹ ಬಂತು. ಸೇತುವೆಗಳು ಕೊಚ್ಚಿಹೋದವು, ರಸ್ತೆಗಳು ಕುಸಿದವು, ಬಸ್ಸುಗಳೂ ನೀರಿನ ಪಾಲಾದವು. ಹೊಳೆ ಹೊತ್ತು ತಂದ ಹೂಳು ಬಹು ದೂರದ ಹರಿದ್ವಾರದವರೆಗೂ ಬಂದು ಗಂಗಾ ಕಾಲುವೆಯನ್ನು ತುಂಬಿತು. ಗೋಪೇಶ್ವರದಲ್ಲಿ ಚಂಡೀಪ್ರಸಾದ ಭಟ್ಟರು ನಡೆಸುತ್ತಿದ್ದ ದಶೋಲಿ ಗ್ರಾಮ ಸ್ವರಾಜ್ಯ ಸಂಘದ ಕಾರ್ಯಕರ್ತರು ಪರಿಹಾರ ಕೆಲಸಕ್ಕೆ ಹಳ್ಳಿ ಹಳ್ಳಿ ತಿರುಗಿದರು. ಮರ ಕಡಿದ ಇಳಿಜಾರುಗಳಿಗೂ ಕುಸಿದ ಗುಡ್ಡಗಳಿಗೂ ಇರುವ ನಂಟು ಅವರ ಕಣ್ಣಿಗೆ ಬಿತ್ತು. ಮರದ ಬೇರು ಹಿಡಿದಿಟ್ಟ ಮಣ್ಣು, ಬೇರು ಸತ್ತ ಮೇಲೆ ಮಳೆಗೆ ನಿಲ್ಲುವುದಿಲ್ಲ.

1973ರಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಆ ಭಾಗದ ರೈತರು ನೊಗ ಮೊದಲಾದ ಬೇಸಾಯದ ಉಪಕರಣಗಳಿಗೆ ಅಂಗು ಎಂಬ ಹಗುರವಾದ, ಗಟ್ಟಿಯಾದ ಮರವನ್ನು ಬಳಸುತ್ತಿದ್ದರು. ಸಂಘದವರು ಕೆಲವು ಅಂಗು ಮರಗಳನ್ನು ಕೇಳಿದಾಗ ಅರಣ್ಯ ಇಲಾಖೆ ಕೊಡಲಿಲ್ಲ. ಆದರೆ ಅದೇ ಮರಗಳನ್ನು ಅಲಹಾಬಾದಿನ ಆಟದ ಸಾಮಾನಿನ ಕಂಪನಿಯೊಂದಕ್ಕೆ ಮಂಜೂರು ಮಾಡಿತು. ರೈತನ ನೊಗಕ್ಕಿಲ್ಲದ ಮರ ಆಟದ ಸಾಮಾನಿಗಿದೆ ಎಂದಾಗ ಜನ ರೊಚ್ಚಿಗೆದ್ದರು. ಮರಗಳನ್ನು ಅಪ್ಪಿಕೊಂಡಾದರೂ ಉಳಿಸುವುದೆಂದು ನಿಶ್ಚಯಿಸಿದರು. ಚಿಪ್ಕೋ ಎಂದರೆ ಅಂಟಿಕೊಳ್ಳಿರಿ, ಅಪ್ಪಿಕೊಳ್ಳಿರಿ ಎಂದೇ ಅರ್ಥ. ಮಂಡಲ ಎಂಬ ಊರಿನ ಕಾಡಿಗೆ ಬಂದ ಕಂಪನಿಯವರು ಬರಿಗೈಯಲ್ಲಿ ಹಿಂದಿರುಗಬೇಕಾಯಿತು.

ಮಹಿಳಾ ಮಂಗಲ ದಲ

ರೇಣಿಯಲ್ಲಿ ಹೆಂಗಸರದೇ ಒಂದು ಸಂಘವಿತ್ತು. ಮಹಿಳಾ ಮಂಗಲ ದಲ ಎಂದು ಅದರ ಹೆಸರು. ನಮ್ಮ ಹಳ್ಳಿಗಳ ಮಹಿಳಾ ಮಂಡಳದಂಥದು. ಗೌರಾದೇವಿ ಅದರ ಅಧ್ಯಕ್ಷೆ. ಊರಿನ ನೈರ್ಮಲ್ಯ, ಊರ ಕಾಡಿನ ಮೇಲೆ ಒಂದು ಕಣ್ಣು ಇದು ಆ ಸಂಘದ ಕೆಲಸ. ಹಣವಿಲ್ಲ, ಕಟ್ಟಡವಿಲ್ಲ. ಆದರೆ ಒಬ್ಬರು ಕೂಗಿದರೆ ಹತ್ತು ಮಂದಿ ಕೈಯಲ್ಲಿನ ಕೆಲಸ ಬಿಟ್ಟು ಬರುವ ರೂಢಿ ಬೆಳೆದಿತ್ತು. ಮುಂದೆ ಕಾಡನ್ನು ಉಳಿಸಿದ್ದು ಈ ರೂಢಿಯೇ.

1974ರ ಜನವರಿಯಲ್ಲಿ ರೇಣಿ ಕಾಡಿನ ಸುಮಾರು 2,500 ಮರಗಳನ್ನು ಡೆಹ್ರಾಡೂನಿನಲ್ಲಿ ಹರಾಜು ಹಾಕಿದರು. ಭಟ್ಟರೂ ಅಲ್ಲಿನ ಮುಖಂಡರಾದ ಗೋವಿಂದ ಸಿಂಗ್ ರಾವತರೂ ಹಳ್ಳಿಗಳಲ್ಲಿ ಸಭೆ ನಡೆಸಿ ಜನರನ್ನು ಎಚ್ಚರಿಸಿದರು. ಗಂಡಸರು ಮರ ಕಡಿಯಲು ಬಿಡುವುದಿಲ್ಲವೆಂದು ಗುತ್ತಿಗೆದಾರನಿಗೆ ಗೊತ್ತಾಯಿತು. ಹೆಂಗಸರ ಲೆಕ್ಕ ಯಾರೂ ಇಡಲಿಲ್ಲ.

ಮಾರ್ಚ್ 26

1962ರ ಯುದ್ಧದ ತರುವಾಯ ಸೈನ್ಯಕ್ಕಾಗಿ ತೆಗೆದುಕೊಂಡಿದ್ದ ಜಮೀನುಗಳ ಪರಿಹಾರ ಹಣ ರೇಣಿ ಮತ್ತು ಸುತ್ತಲಿನ ರೈತರಿಗೆ ವರ್ಷಗಟ್ಟಲೆ ಬಂದಿರಲಿಲ್ಲ. 1974ರ ಮಾರ್ಚ್ 26ರಂದು ಬಂದು ಹಣ ಪಡೆಯಿರಿ ಎಂದು ಚಮೋಲಿಯಿಂದ ಕರೆ ಬಂತು. ಊರಿನ ಗಂಡಸರೆಲ್ಲ ಅತ್ತ ಹೋದರು. ಅದೇ ಹೊತ್ತಿಗೆ ಅರಣ್ಯ ಇಲಾಖೆಯ ಮೇಲಧಿಕಾರಿಯೊಬ್ಬರ ಭೇಟಿಯಿಂದಾಗಿ ಭಟ್ಟರು ಗೋಪೇಶ್ವರದಲ್ಲೇ ಉಳಿಯಬೇಕಾಯಿತು. ಇತ್ತ ಜೋಶಿಮಠದಿಂದ ಕೂಲಿಯಾಳುಗಳನ್ನು ತುಂಬಿಕೊಂಡ ಬಸ್ಸು ಹೊರಟಿತು. ಊರಿನವರ ಕಣ್ಣಿಗೆ ಬೀಳಬಾರದೆಂದು ಅವರು ರೇಣಿಗೆ ಮುಂಚೆಯೇ ಇಳಿದು ಋಷಿಗಂಗಾ ಹೊಳೆಯ ದಡ ಹಿಡಿದು ಕಾಡಿನತ್ತ ನಡೆದರು.

ಅವರನ್ನು ಕಂಡವಳು ಒಬ್ಬ ಹುಡುಗಿ. ಓಡಿಬಂದು ಗೌರಾದೇವಿಗೆ ಸುದ್ದಿ ಮುಟ್ಟಿಸಿದಳು. ಗೌರಾದೇವಿ ಕ್ಷಣವೂ ತಡೆಯಲಿಲ್ಲ. ಮನೆಮನೆಗೆ ಹೋಗಿ ಕರೆದರು. ಅಡುಗೆ, ಕೊಟ್ಟಿಗೆ ಎಲ್ಲವನ್ನೂ ಇದ್ದಂತೆಯೇ ಬಿಟ್ಟು 27 ಮಂದಿ ಹೆಂಗಸರು, ಹುಡುಗಿಯರು ಕಾಡಿನ ದಾರಿ ಹಿಡಿದರು.

ಕಾಡಿನಲ್ಲಿ ಕೂಲಿಯವರು ಅಡುಗೆಗೆ ತೊಡಗಿದ್ದರು. ಗೌರಾದೇವಿ ಅವರನ್ನು ಬೈಯಲಿಲ್ಲ. ಅಣ್ಣತಮ್ಮಂದಿರೆಂದು ಕರೆದು, ಈ ಕಾಡು ತಮ್ಮ ತವರುಮನೆ, ಇದನ್ನು ಕಡಿದರೆ ಗುಡ್ಡ ಕುಸಿದು ತಮ್ಮ ಮನೆ ಹೊಲಗಳು ಉಳಿಯುವುದಿಲ್ಲ ಎಂದು ತಿಳಿಹೇಳಿದರು. ಊಟ ಮುಗಿಸಿ ಕೆಳಗಿಳಿಯಿರಿ, ಗಂಡಸರು ಬಂದ ಮೇಲೆ ಮಾತಾಡೋಣ ಎಂದರು. ಕೂಲಿಯವರೂ ಹೊಟ್ಟೆಪಾಡಿಗೆ ಬಂದ ಬಡವರೇ, ಹಲವರು ಹಿಂದೆಗೆದರು. ಆದರೆ ಕುಡಿದ ಮತ್ತಿನಲ್ಲಿದ್ದ ಒಬ್ಬ ಬಂದೂಕು ಎತ್ತಿ ಬೆದರಿಸಿದ. ಗೌರಾದೇವಿ ಎದೆಯೊಡ್ಡಿ ನಿಂತು, ಮೊದಲು ತನಗೆ ಹೊಡೆದು ಆಮೇಲೆ ಮರ ಕಡಿಯುವಂತೆ ಹೇಳಿದರು. ಅವರ ಹಿಂದೆ ಉಳಿದವರೂ ಕದಲದೆ ನಿಂತರು. ಕೊನೆಗೆ ಕೊಡಲಿ ಹಿಡಿದವರೆಲ್ಲ ಇಳಿದು ಹೋದರು.

ಹೆಂಗಸರು ಅಷ್ಟಕ್ಕೇ ಮನೆಗೆ ಮರಳಲಿಲ್ಲ. ಕಾಡಿಗೆ ಹೋಗುವ ಹಾದಿಯಲ್ಲಿ ಕುಸಿತದ ಜಾಗಕ್ಕೆ ಹಾಸಿದ್ದ ಸಿಮೆಂಟಿನ ಹಾಸನ್ನು ಕಿತ್ತು ಕೆಡವಿದರು. ಆ ಚಳಿಯಲ್ಲಿ ರಾತ್ರಿಯಿಡೀ ದಾರಿ ಕಾದು ಕುಳಿತರು. ಮರುದಿನ ಗಂಡಸರೂ ಭಟ್ಟರೂ ಬಂದಾಗ ಒಂದು ಮರವೂ ಉರುಳಿರಲಿಲ್ಲ.

ಇದರ ಫಲವೇನು?

ಸುದ್ದಿ ಲಖನೌವರೆಗೆ ಹೋಯಿತು. ರೇಣಿ ಆಗ ಉತ್ತರ ಪ್ರದೇಶಕ್ಕೆ ಸೇರಿತ್ತು. ಮುಖ್ಯಮಂತ್ರಿ ಹೇಮವತಿ ನಂದನ ಬಹುಗುಣ ಅವರು ದೆಹಲಿಯ ಸಸ್ಯವಿಜ್ಞಾನಿ ವೀರೇಂದ್ರ ಕುಮಾರರ ಅಧ್ಯಕ್ಷತೆಯಲ್ಲಿ ಸಮಿತಿ ನೇಮಿಸಿದರು. ಸಮಿತಿ ಎರಡು ವರ್ಷಗಳ ಕಾಲ ವಿಚಾರ ಮಾಡಿ ಹೆಂಗಸರ ಮಾತೇ ಸರಿ ಎಂದಿತು. ಅದರಂತೆ ಅಲಕನಂದಾ ಮೇಲಿನ ಜಲಾನಯನದ ಸುಮಾರು 1,200 ಚದರ ಕಿಲೋಮೀಟರ್ ಪ್ರದೇಶದಲ್ಲಿ ಹತ್ತು ವರ್ಷ ವಾಣಿಜ್ಯ ಕಟಾವು ನಿಂತಿತು. 1980ರ ದಶಕದ ಆರಂಭದಲ್ಲಿ ಆ ರಾಜ್ಯದ ಹಿಮಾಲಯ ಭಾಗದಲ್ಲಿ 1,000 ಮೀಟರ್‌ಗಿಂತ ಎತ್ತರದಲ್ಲಿ ಹಸಿ ಮರ ಕಡಿಯುವುದಕ್ಕೇ ತಡೆ ಬಂತು.

ಈ ಗಾಳಿ ನಮ್ಮ ನಾಡಿಗೂ ಬೀಸಿತು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನ ಸಾಲ್ಕಣಿಯ ಗಂಡಸರು, ಹೆಂಗಸರು, ಮಕ್ಕಳು ಕಳಸೆ ಕಾಡಿಗೆ ನಡೆದು ಹೋಗಿ ಮರಗಳನ್ನು ಅಪ್ಪಿ ನಿಂತರು. ಅದೇ ಅಪ್ಪಿಕೋ ಚಳವಳಿ. ಅಡಿಕೆ ತೋಟಕ್ಕೆ ಸೊಪ್ಪು, ತರಗೆಲೆ ಬೇಕಾದ ಆ ಸೀಮೆಯ ರೈತರಿಗೆ ರೇಣಿಯ ಹೆಂಗಸರ ಮಾತು ಬೇಗನೆ ಮನಸ್ಸಿಗೆ ಹತ್ತಿತು.

ಕಾದವರಿಗೇ ಬಾಗಿಲು ಮುಚ್ಚಿದಾಗ

ಕಥೆ ಇಲ್ಲಿಗೆ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ಮುಂದಿನದನ್ನೂ ಹೇಳಬೇಕು. 1982ರಲ್ಲಿ ರೇಣಿ, ಲಾತಾ ಗ್ರಾಮಗಳ ಮೇಲಿನ ಪ್ರದೇಶವನ್ನು ನಂದಾದೇವಿ ರಾಷ್ಟ್ರೀಯ ಉದ್ಯಾನವೆಂದು ಸಾರಿದರು. 1988ರಲ್ಲಿ ಅದಕ್ಕೆ ವಿಶ್ವ ಪರಂಪರೆಯ ಮನ್ನಣೆಯೂ ಸಿಕ್ಕಿತು. ಆದರೆ ಕುರಿಗಳ ಬೇಸಿಗೆ ಹುಲ್ಲುಗಾವಲು, ಗಿಡಮೂಲಿಕೆ ಸಂಗ್ರಹ, ಪರ್ವತಾರೋಹಿಗಳ ಹೊರೆ ಹೊರುವ ಕೂಲಿ ಎಲ್ಲವೂ ಹಳ್ಳಿಯವರ ಕೈತಪ್ಪಿದವು. ಗುತ್ತಿಗೆದಾರನ ಕೊಡಲಿಯಿಂದ ಕಾಡನ್ನು ಉಳಿಸಿದವರೇ ಅದರೊಳಗೆ ಕಾಲಿಡದಂತಾಯಿತು. 1998ರಲ್ಲಿ ಲಾತಾದ ಜನ ತಮ್ಮ ಹಕ್ಕು ಕೇಳಿ ನಿಷೇಧಿತ ಪ್ರದೇಶದೊಳಕ್ಕೇ ನಡೆದು ಹೋಗಿ ಪ್ರತಿಭಟಿಸಬೇಕಾಯಿತು.

ರೇಣಿಯ ಹೆಂಗಸರು ಮರವನ್ನು ಮುಟ್ಟಲೇಬಾರದು ಎಂದವರಲ್ಲ. ಹುಲ್ಲು ಕೊಯ್ಯುತ್ತಿದ್ದರು, ಸೌದೆ ತರುತ್ತಿದ್ದರು. ನಾಳೆಯೂ ಬೇಕಾದ್ದರಿಂದ ಇಂದು ಹದವರಿತು ತರುತ್ತಿದ್ದರು. ಬಳಸುವವರಿಗೇ ಕಾಯುವ ಕಾಳಜಿ ಇರುತ್ತದೆ. ಬಳಕೆಯ ಹಕ್ಕನ್ನು ಪೂರ್ತಿ ಕಿತ್ತುಕೊಂಡರೆ ಕಾಳಜಿಯ ಬೇರೂ ಒಣಗುತ್ತದೆ. ಇದನ್ನು ಅಧಿಕಾರಿಗಳು ಮರೆಯಬಾರದು. ಹದ ತಪ್ಪಿದರೆ ಹಕ್ಕೂ ಉಳಿಯದು ಎಂಬುದನ್ನು ನಾವೂ ಮರೆಯಬಾರದು.

ಗೌರಾದೇವಿ 1991ರ ಜುಲೈ 4ರಂದು ತಮ್ಮ 66ನೆಯ ವಯಸ್ಸಿನಲ್ಲಿ ತೀರಿಕೊಂಡರು. ಊರಿನವರು ಅವರ ನೆನಪಿಗೆ ಪ್ರತಿಮೆ ನಿಲ್ಲಿಸಿದರು. ಮುಂದೆ ರೇಣಿಯ ಪಕ್ಕದಲ್ಲೇ ಋಷಿಗಂಗೆಗೆ ವಿದ್ಯುತ್ ಯೋಜನೆ ಬಂತು. ಅಲ್ಲಿ ಬಂಡೆ ಸಿಡಿಸುವುದರ ವಿರುದ್ಧ 2019ರಲ್ಲಿ ಊರಿನವರು ಹೈಕೋರ್ಟಿನ ಮೆಟ್ಟಿಲೇರಿದ್ದರು. 2021ರ ಫೆಬ್ರುವರಿ 7ರಂದು ಮೇಲಿನ ಪರ್ವತದಿಂದ ಬಂಡೆ, ಹಿಮಗಳ ರಾಶಿ ಕುಸಿದು ಹೊಳೆಗೆ ಬಿದ್ದು ಭೀಕರ ಪ್ರವಾಹವಾಯಿತು. ಯೋಜನೆ ಕೊಚ್ಚಿಹೋಯಿತು, ಕಣಿವೆಯಲ್ಲಿ 200ಕ್ಕೂ ಹೆಚ್ಚು ಮಂದಿ ಸತ್ತರು ಇಲ್ಲವೆ ಕಾಣೆಯಾದರು. ಆ ಕುಸಿತ ಆದದ್ದು ಮರ ಬೆಳೆಯದ ಎತ್ತರದಲ್ಲಿ; ಯಾವ ಕಾಡೂ ಅದನ್ನು ತಡೆಯಲಾರದು. ಆದರೆ ಅಂಥ ಹೊಳೆಯ ಬಾಯಲ್ಲಿ ಏನನ್ನು ಕಟ್ಟಬಹುದು, ಏನನ್ನು ಕಟ್ಟಬಾರದು ಎಂದು ಊರಿನವರನ್ನು ಕೇಳುವುದು ಒಳ್ಳೆಯದಿತ್ತು. ಅದೇ ವರ್ಷ ಜೂನ್‌ನಲ್ಲಿ ಹೊಳೆ ದಡ ಕೊರೆದು ರಸ್ತೆ ಕುಸಿದಾಗ ಗೌರಾದೇವಿಯ ಪ್ರತಿಮೆಯನ್ನೂ ಅಲ್ಲಿಂದ ತೆಗೆದು ಬೇರೆಡೆ ಸಾಗಿಸಬೇಕಾಯಿತು.

ನಾವು ಕಲಿಯಬೇಕಾದ್ದು

ರೇಣಿಯಿಂದ ನಮ್ಮ ರೈತರು ಒಯ್ಯಬೇಕಾದ ಮಾತು ಒಂದೇ. ಕಾಡು ಉಳಿದದ್ದು ಮಾರ್ಚ್ 26ರ ಧೈರ್ಯದಿಂದ ಮಾತ್ರವಲ್ಲ, ಅದಕ್ಕೆ ಮುಂಚೆಯೇ ಕಟ್ಟಿಕೊಂಡಿದ್ದ ಸಂಘದಿಂದ. ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರೆ ನೀರು ಸಿಕ್ಕೀತೆ? ಕೂಲಿಯವರನ್ನು ಕಂಡ ಹುಡುಗಿಗೆ ಯಾರ ಮನೆಗೆ ಓಡಬೇಕೆಂಬುದು ಗೊತ್ತಿತ್ತು. ಅದೇ ಆ ಊರಿನ ದೊಡ್ಡ ಆಸ್ತಿ.

ನಮ್ಮೂರುಗಳಲ್ಲೂ ಗೋಮಾಳವಿದೆ, ಕೆರೆಯಿದೆ, ಕುರುಚಲು ಗುಡ್ಡವಿದೆ. ಗ್ರಾಮ ಅರಣ್ಯ ಸಮಿತಿಗಳೂ ಉಂಟು. ಕೆಲವು ಕಡೆ ಕಾಗದದ ಮೇಲೆ ಮಾತ್ರ. ಬೇಸಿಗೆಯಲ್ಲಿ ಗುಡ್ಡಕ್ಕೆ ಬೆಂಕಿ ಬಿದ್ದರೆ ಯಾರು ಮೊದಲು ಓಡಬೇಕು, ಗೋಮಾಳದ ಕಲ್ಲು ಸರಿದರೆ ಯಾರಿಗೆ ತಿಳಿಸಬೇಕು, ಈ ವಾರ ಕಾವಲಿನ ಸರದಿ ಯಾವ ಮನೆಯದು ಎಂಬುದನ್ನು ಊರಿನವರು ಕುಳಿತು ಇಂದೇ ತೀರ್ಮಾನಿಸಬಹುದು. ಆ ಸಭೆಗೆ ಹೆಂಗಸರನ್ನು ಕರೆಯುವುದನ್ನು ಮರೆಯಬಾರದು. ಸೌದೆ ಸೊಪ್ಪಿಗೆ ದಿನವೂ ಗುಡ್ಡ ಹತ್ತುವವರು ಅವರೇ. ಯಾವ ಮರ ಎಲ್ಲಿದೆ, ನಿನ್ನೆ ಇದ್ದದ್ದು ಇಂದು ಯಾವುದು ಇಲ್ಲ ಎಂಬ ಲೆಕ್ಕ ಗಾರ್ಡಿನ ಪುಸ್ತಕಕ್ಕಿಂತ ಚೆನ್ನಾಗಿ ಅವರಿಗೆ ಗೊತ್ತಿರುತ್ತದೆ.