ಹುಳಿಗೆ ಅಂಕ ಕೊಟ್ಟ ಸೋರೆನ್‌ಸೆನ್

ನಮ್ಮ ಶಾಲೆಯ ತೋಟದ ಕರಿಬೇವಿನ ಗಿಡದ ಎಲೆಗಳು ಹಳದಿಯಾದಾಗ ನಾವು ನೀರು ಹೆಚ್ಚಿಸಿದೆವು, ಗೊಬ್ಬರ ಹಾಕಿದೆವು. ಫಲ ಕಾಣಲಿಲ್ಲ. ಕೊನೆಗೆ ಮಣ್ಣನ್ನೇ ಪರೀಕ್ಷಿಸಿದೆವು. ಆ ಪರೀಕ್ಷೆಯ ಹಿಂದಿರುವ ಮಹನೀಯರ ಪರಿಚಯ ಇಲ್ಲಿದೆ.

ಸೋರೆನ್ ಪೀಟರ್ ಲೌರಿಟ್ಸ್ ಸೋರೆನ್‌ಸೆನ್ 1868ರ ಜನವರಿ 9ರಂದು ಡೆನ್ಮಾರ್ಕಿನ ಹಾವ್ರೆಬ್ಯೆರ್ಗ್ ಎಂಬಲ್ಲಿ ರೈತ ಕುಟುಂಬದಲ್ಲಿ ಜನಿಸಿದರು. ವೈದ್ಯರಾಗಬೇಕೆಂದು ಕೋಪನ್‌ಹೇಗನ್ ವಿಶ್ವವಿದ್ಯಾಲಯ ಸೇರಿದವರು ರಸಾಯನಶಾಸ್ತ್ರಕ್ಕೆ ಮನಸೋತರು. 1901ರಲ್ಲಿ ಕಾರ್ಲ್ಸ್‌ಬರ್ಗ್ ಪ್ರಯೋಗಾಲಯದ ರಸಾಯನ ವಿಭಾಗದ ಮುಖ್ಯಸ್ಥರಾದರು. ಅದು ಬಿಯರ್ ತಯಾರಕರು ಸ್ಥಾಪಿಸಿದ ಪ್ರಯೋಗಾಲಯ! ಮಕ್ಕಳ ಸಂಚಿಕೆಯಲ್ಲಿ ಇದನ್ನು ಬರೆಯಬೇಕೇ ಎಂದು ನಾವು ಕ್ಷಣ ಯೋಚಿಸಿದ್ದುಂಟು. ಆದರೆ ಅಲ್ಲಿನ ನಿಯಮವೊಂದು ಮೆಚ್ಚತಕ್ಕದ್ದು: ಕಂಡುಕೊಂಡ ಯಾವ ಮುಖ್ಯ ಸಂಗತಿಯನ್ನೂ ಗುಟ್ಟಾಗಿಡುವಂತಿರಲಿಲ್ಲ.

ಕಿಣ್ವಗಳ ಕೆಲಸ ಹುಳಿಯ ಪ್ರಮಾಣವನ್ನು ಅವಲಂಬಿಸಿದೆ. ಲಿಟ್ಮಸ್ ಕಾಗದ ಹುಳಿ ಇದೆ ಎನ್ನುತ್ತದೆ, ಎಷ್ಟು ಎಂದು ಹೇಳುವುದಿಲ್ಲ. ಶುದ್ಧ ನೀರಿನ ಒಂದು ಲೀಟರಿನಲ್ಲಿ ಹೈಡ್ರೋಜನ್ ಅಯಾನುಗಳು 0.0000001 ಮೋಲ್. ಇಷ್ಟು ಸೊನ್ನೆಗಳನ್ನು ದಿನವೂ ಬರೆಯುವವರಾರು? 1909ರಲ್ಲಿ ಸೋರೆನ್‌ಸೆನ್ ಅದನ್ನು ಬರೀ 7 ಮಾಡಿದರು. ಇದೇ ಪಿಎಚ್, ನಮ್ಮ ಕೃಷಿ ಪುಸ್ತಕಗಳಲ್ಲಿ ರಸಸಾರ. 7ಕ್ಕಿಂತ ಕಡಿಮೆಯಾದರೆ ಆಮ್ಲೀಯ, ಹೆಚ್ಚಾದರೆ ಕ್ಷಾರೀಯ. 7ರಿಂದ 6ಕ್ಕೆ ಇಳಿದರೆ ಹುಳಿ ಹತ್ತುಪಟ್ಟು, 5ಕ್ಕೆ ಇಳಿದರೆ ನೂರುಪಟ್ಟು.

ಅಳೆಯಲು ಎರಡು ದಾರಿಗಳನ್ನೂ ಅವರು ವಿವರಿಸಿದರು. ಹೈಡ್ರೋಜನ್ ವಿದ್ಯುದ್ವಾರ ನಿಖರ, ಆದರೆ ತಾಪತ್ರಯದ ಕೆಲಸ. ಇನ್ನೊಂದು, ಬಣ್ಣ ಬದಲಿಸುವ ಸೂಚಕಗಳನ್ನು ಗೊತ್ತಿರುವ ದ್ರಾವಣಗಳೊಂದಿಗೆ ಹೋಲಿಸುವುದು. ಪ್ರಯೋಗಾಲಯದಲ್ಲಿ ಪತ್ನಿ ಮಾರ್ಗ್ರೆಥೆಯವರೂ ಜೊತೆಗೂಡಿ ದುಡಿದರು.

ಹೊಲಕ್ಕೆ ಸುಲಭವಾಗಿ ಹೊಂದಿದ್ದು ಬಣ್ಣದ ದಾರಿ. ಚಿಟಿಕೆ ಮಣ್ಣಿಗೆ ಭಟ್ಟಿ ಇಳಿಸಿದ ನೀರು, ಸೂಚಕದ ಹನಿಗಳು, ಜೊತೆಗೆ ಬೇರಿಯಂ ಸಲ್ಫೇಟ್ ಪುಡಿ. ಈ ಬಿಳಿ ಪುಡಿ ಜೇಡಿಯನ್ನು ಕೆಳಗಿಳಿಸಿ ನೀರನ್ನು ತಿಳಿಯಾಗಿಸುತ್ತದೆ, ಬಣ್ಣ ಸ್ಪಷ್ಟವಾಗಿ ಕಾಣುತ್ತದೆ. ಮಣ್ಣನ್ನು ಒಣಗಿಸಿ ಪ್ರಯೋಗಾಲಯಕ್ಕೆ ಒಯ್ದರೆ ಸಾಲದೇ ಎಂದು ಮಕ್ಕಳು ಕೇಳಬಹುದು. ಎಲ್ಲಾ ಕಡೆ ಸಾಲದು. ಮಲೆನಾಡಿನ ಭತ್ತದ ಗದ್ದೆಯ ಹುಳಿ ಮಣ್ಣು ವಾರಗಟ್ಟಲೆ ನೀರು ನಿಂತಾಗ 7ರ ಹತ್ತಿರ ಬರುತ್ತದೆ, ಒಣಗಿದರೆ ಮತ್ತೆ ಹುಳಿಯಾಗುತ್ತದೆ. ಪೈರಿನ ಬೇರು ಕಾಣುವ ಮಣ್ಣು ಯಾವುದೆಂದು ತಿಳಿಯಲು ಗದ್ದೆಯಲ್ಲೇ ಅಳೆಯಬೇಕು.

ಸೋರೆನ್‌ಸೆನ್ 1938ರವರೆಗೂ ಅದೇ ಪ್ರಯೋಗಾಲಯದಲ್ಲಿದ್ದು, 1939ರ ಫೆಬ್ರವರಿ 12ರಂದು ನಿಧನರಾದರು.

ನಮ್ಮ ತೋಟದ ಮಣ್ಣಿನ ಬಣ್ಣ 8ನ್ನು ದಾಟಿತ್ತು. ಸುಣ್ಣ ತುಂಬಿದ ಈ ಮರಳಿನಲ್ಲಿ ಕಬ್ಬಿಣವಿದ್ದರೂ ಬೇರಿಗೆ ಸಿಗುವುದು ಕಷ್ಟ. ಕರಿಬೇವನ್ನು ಈಗ ಬೇರೆ ಮಣ್ಣಿನ ಕುಂಡಕ್ಕೆ ಬದಲಿಸಿದ್ದೇವೆ. ಎರಡು ಹಸಿರು ಚಿಗುರು ಬಂದಿವೆ.