ತಾರೆಗಳ ದೂರವನ್ನು ಅಳೆದ ಮಹನೀಯ: ಡಾ. ವೈನು ಬಪ್ಪು

ಮಳೆಗಾಲದ ಮೋಡಗಳೆಲ್ಲ ಸರಿದ ಬಳಿಕ, ಕಾರ್ತಿಕ ಮಾಸದ ಚಂದ್ರನಿಲ್ಲದ ಇರುಳಿನಲ್ಲಿ ಶಿರಸಿ, ಸಿದ್ದಾಪುರ, ಯಲ್ಲಾಪುರಗಳ ಯಾವುದೇ ಹಳ್ಳಿಯ ಬಯಲಿನಲ್ಲಿ ನಿಂತು ತಲೆಯೆತ್ತಿದರೆ, ಹಾಲು ಚೆಲ್ಲಿದಂತೆ ಹರಡಿರುವ ಆಕಾಶಗಂಗೆ ಕಾಣುತ್ತದೆ. ಹತ್ತು ಸಾವಿರ ಕೋಟಿಗೂ ಮಿಗಿಲಾದ ನಕ್ಷತ್ರಗಳ ಈ ಮಹಾಸಮೂಹದಲ್ಲಿ ನಮ್ಮ ಸೂರ್ಯನೂ ಒಬ್ಬ. ಉತ್ತರಾಭಾದ್ರಪದ ನಕ್ಷತ್ರದ ಆಚೆಗೆ ಮಸುಕಾದ ಮಚ್ಚೆಯಂತೆ ತೋರುವ ದೇವಯಾನಿ, ಇಂಥದೇ ಮತ್ತೊಂದು ಗೆಲಾಕ್ಸಿ. ಅದರ ಬೆಳಕು ನಮ್ಮನ್ನು ತಲಪಲು ಸುಮಾರು 25 ಲಕ್ಷ ವರ್ಷಗಳು ಹಿಡಿಯುತ್ತವೆ. ಈ ಅಪಾರ ವಿಸ್ತಾರದಲ್ಲಿ ನಾವಿರುವುದು ಎಲ್ಲಿ? ಕಲ್ಪನೆಯಿಂದ ಈ ಪ್ರಶ್ನೆಗೆ ಉತ್ತರ ದೊರೆಯದು. ದೂರಗಳನ್ನು ಅಳೆದೇ ಅದನ್ನು ಅರಿಯಬೇಕು. ಅಂಥ ಅಳತೆಗೆ ಹೊಸದೊಂದು ಮಾನದಂಡವನ್ನು ನೀಡಿ, ಆ ಕಾರ್ಯಕ್ಕೆ ಬೇಕಾದ ಸಾಧನಗಳನ್ನು ನಮ್ಮ ನೆಲದಲ್ಲಿಯೇ ನಿರ್ಮಿಸಲು ಬಾಳನ್ನು ಸವೆಸಿದವರು ಡಾ. ವೈನು ಬಪ್ಪು.

ಮನಾಲಿ ಕಲ್ಲಾಟ್ ವೈನು ಬಪ್ಪು ಅವರು 1927ರ ಆಗಸ್ಟ್ 10ರಂದು ಮದರಾಸಿನಲ್ಲಿ ಜನಿಸಿದರು. ತಂದೆಯವರು ಹೈದರಾಬಾದಿನ ನಿಜಾಮಿಯಾ ವೀಕ್ಷಣಾಲಯದಲ್ಲಿ ಉದ್ಯೋಗದಲ್ಲಿದ್ದುದರಿಂದ ದೂರದರ್ಶಕವು ಬಾಲಕನಿಗೆ ಮನೆಯ ವಸ್ತುವಿನಷ್ಟೇ ಪರಿಚಿತವಾಗಿತ್ತು. ನಿಜಾಮ್ ಕಾಲೇಜಿನಲ್ಲಿ ಭೌತವಿಜ್ಞಾನವನ್ನು ವ್ಯಾಸಂಗ ಮಾಡಿದ ಅವರು, ಹೈದರಾಬಾದ್ ಸರಕಾರದ ವಿದ್ಯಾರ್ಥಿವೇತನ ಪಡೆದು 1949ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯವನ್ನು ಸೇರಿದರು.

ಆಗ ಹಾರ್ವರ್ಡ್ ವೀಕ್ಷಣಾಲಯದ ನಿರ್ದೇಶಕರಾಗಿದ್ದವರು ಹಾರ್ಲೋ ಶಾಪ್ಲೆ. ಸೂರ್ಯನು ಆಕಾಶಗಂಗೆಯ ಕೇಂದ್ರದಲ್ಲಿಲ್ಲ, ಅದರಿಂದ ಬಹುದೂರ ಒಂದು ಬದಿಯಲ್ಲಿದ್ದಾನೆ ಎಂಬುದನ್ನು 1918ರ ಸುಮಾರಿಗೆ ತೋರಿಸಿಕೊಟ್ಟವರು ಅವರೇ. ಆ ದೂರ ಸುಮಾರು 26,000 ಜ್ಯೋತಿರ್ವರ್ಷಗಳೆಂದು ಇಂದು ತಿಳಿದಿದೆ. ಇಂಥ ವಿದ್ವಾಂಸರ ನೆರಳಿಗೆ ಬಂದ ಕೆಲವೇ ತಿಂಗಳಲ್ಲಿ ತರುಣ ಬಪ್ಪು, ತಾವು ತೆಗೆದ ಛಾಯಾಚಿತ್ರವೊಂದರಲ್ಲಿ ಹೊಸ ಧೂಮಕೇತುವನ್ನು ಗುರುತಿಸಿದರು. ಆ ಕಾರ್ಯದಲ್ಲಿ ಜೊತೆಯಾದ ಬಾರ್ಟ್ ಬಾಕ್ ಮತ್ತು ಗಾರ್ಡನ್ ನ್ಯೂಕರ್ಕ್ ಅವರ ಹೆಸರುಗಳೊಡನೆ ಅದು ಬಪ್ಪು–ಬಾಕ್–ನ್ಯೂಕರ್ಕ್ ಧೂಮಕೇತುವೆಂದು ಪ್ರಸಿದ್ಧವಾಯಿತು.

1952ರಲ್ಲಿ ಡಾಕ್ಟರೇಟ್ ಪಡೆದ ಬಳಿಕ ಅವರು ಕ್ಯಾಲಿಫೋರ್ನಿಯಾದ ಮೌಂಟ್ ವಿಲ್ಸನ್ ಮತ್ತು ಪಾಲೊಮಾರ್ ವೀಕ್ಷಣಾಲಯಗಳಿಗೆ ತೆರಳಿದರು. ಅಲ್ಲಿ ಓಲಿನ್ ವಿಲ್ಸನ್ ಅವರೊಡನೆ ನಡೆಸಿದ ಸಂಶೋಧನೆಯೇ ಅವರ ಕೀರ್ತಿಗೆ ಮೂಲ. ಕತ್ತಲಲ್ಲಿ ದೂರದ ದೀಪವೊಂದನ್ನು ಕಂಡಾಗ, ಅದು ಹತ್ತಿರದ ಚಿಮಣಿಯೋ ದೂರದ ಯಕ್ಷಗಾನ ರಂಗಸ್ಥಳದ ಗ್ಯಾಸ್‌ಲೈಟೋ ಎಂಬುದು ತಿಳಿಯದಿದ್ದರೆ ದಾರಿಯ ದೂರವನ್ನು ಊಹಿಸಲಾಗದು. ದೀಪದ ನಿಜವಾದ ಪ್ರಖರತೆ ತಿಳಿದರೆ ದೂರವನ್ನು ಲೆಕ್ಕ ಹಾಕಬಹುದು. ನಕ್ಷತ್ರಗಳ ವಿಷಯದಲ್ಲಿಯೂ ಹೀಗೆಯೇ. ಸೂರ್ಯನಂಥ ಹಾಗೂ ಅವನಿಗಿಂತ ತಂಪಾದ ನಕ್ಷತ್ರಗಳ ರೋಹಿತದಲ್ಲಿ ಕ್ಯಾಲ್ಸಿಯಂ ಧಾತುವಿನ ಕಪ್ಪು ರೇಖೆಯ ನಡುವೆ ಕಿರಿದಾದ ಬೆಳಕಿನ ಗೆರೆಯೊಂದಿರುತ್ತದೆ. ಈ ಗೆರೆ ಅಗಲವಾದಷ್ಟೂ ನಕ್ಷತ್ರದ ನಿಜವಾದ ಪ್ರಖರತೆ ಹೆಚ್ಚಾಗಿರುತ್ತದೆ ಎಂಬುದನ್ನು ಈರ್ವರೂ ಕಂಡುಕೊಂಡರು. 1957ರಲ್ಲಿ ಪ್ರಕಟವಾದ ಈ ಶೋಧವು ವಿಲ್ಸನ್–ಬಪ್ಪು ಪರಿಣಾಮವೆಂದು ಖಗೋಳ ಗ್ರಂಥಗಳಲ್ಲಿ ನೆಲೆಗೊಂಡಿದೆ.

ಅಂದಿನ ಜಗತ್ತಿನ ಅತಿ ದೊಡ್ಡ ದೂರದರ್ಶಕ, 200 ಅಂಗುಲ ವ್ಯಾಸದ್ದು, ಪಾಲೊಮಾರಿನಲ್ಲಿಯೇ ಇದ್ದಿತು. ಅದನ್ನು ಬಿಟ್ಟು ಬರುವುದೆಂದರೆ ಸಂಶೋಧಕನಿಗೆ ಸಾಮಾನ್ಯ ತ್ಯಾಗವಲ್ಲ. ನಕ್ಷತ್ರಗಳ ಗಂಭೀರ ಅಧ್ಯಯನಕ್ಕೆ ತಕ್ಕ ಆಧುನಿಕ ಸಾಧನಗಳು ಭಾರತದಲ್ಲಿ ಅಂದು ಇರಲಿಲ್ಲ. ಆದರೂ ಬಪ್ಪು ಅವರು 1953ರಲ್ಲಿ ಸ್ವದೇಶಕ್ಕೆ ಮರಳಿದರು. ಉತ್ತರ ಪ್ರದೇಶ ಸರಕಾರದ ವೀಕ್ಷಣಾಲಯವನ್ನು ನೈನಿತಾಲದಲ್ಲಿ ರೂಪಿಸಿ, 1960ರಲ್ಲಿ ಕೊಡೈಕನಾಲ್ ವೀಕ್ಷಣಾಲಯದ ನಿರ್ದೇಶಕರಾದರು.

ಕೊಡೈಕನಾಲ್ ಸೂರ್ಯನ ಅಧ್ಯಯನಕ್ಕೆ ಹೆಸರಾದ ಸ್ಥಳ. ಇರುಳಿನ ವೀಕ್ಷಣೆಗಾಗಿ ಅವರು ಬೇರೆ ತಾಣವನ್ನರಸಿ, ತಮಿಳುನಾಡಿನ ಜವಾದಿ ಬೆಟ್ಟಗಳ ನಡುವಿನ ಕಾವಲೂರನ್ನು ಆರಿಸಿಕೊಂಡರು. ನಗರದ ದೀಪಗಳಿಂದ ದೂರವಾದ, ಸಮಭಾಜಕಕ್ಕೆ ಸಮೀಪದ ಈ ಸ್ಥಳದಿಂದ ದಕ್ಷಿಣದ ಆಕಾಶದ ಬಹುಭಾಗವೂ ಕಾಣುತ್ತದೆ. ಸಂಸ್ಥೆಯಲ್ಲಿಯೇ ತಯಾರಿಸಿದ 38 ಸೆಂಟಿಮೀಟರ್ ದೂರದರ್ಶಕವು 1968ರಲ್ಲಿ ಅಲ್ಲಿ ಕಾರ್ಯಾರಂಭ ಮಾಡಿತು. 1972ರಲ್ಲಿ ಒಂದು ಮೀಟರಿನ ದೂರದರ್ಶಕ ಬಂದಿತು. 1977ರಲ್ಲಿ ಯುರೇನಸ್ ಗ್ರಹದ ಸುತ್ತ ಉಂಗುರಗಳಿರುವುದು ಜಗತ್ತಿಗೆ ತಿಳಿದಾಗ, ಅದರ ಸಾಕ್ಷ್ಯ ದೊರೆತ ಸ್ಥಳಗಳಲ್ಲಿ ಕಾವಲೂರೂ ಒಂದಾಗಿತ್ತು.

1971ರಲ್ಲಿ ಭಾರತೀಯ ಖಭೌತ ವಿಜ್ಞಾನ ಸಂಸ್ಥೆಯು ಸ್ವಾಯತ್ತ ಸಂಸ್ಥೆಯಾದಾಗ ಬಪ್ಪು ಅವರೇ ಅದರ ಪ್ರಥಮ ನಿರ್ದೇಶಕರಾದರು. ಬೆಂಗಳೂರು ಅದರ ಕೇಂದ್ರವಾಗಿ ಕನ್ನಡ ನಾಡಿಗೂ ಅವರಿಗೂ ನಂಟು ಬೆಳೆಯಿತು. 1980ರ ಫೆಬ್ರವರಿ 16ರ ಅಪರಾಹ್ನ ಪೂರ್ಣ ಸೂರ್ಯಗ್ರಹಣದ ನೆರಳು ನಮ್ಮ ಜಿಲ್ಲೆಯ ಕಡಲತೀರವನ್ನು ಮುಟ್ಟಿ, ಯಲ್ಲಾಪುರದ ಕಾಡುಗಳ ಮೇಲೆ ಹಾದು, ಹುಬ್ಬಳ್ಳಿ, ರಾಯಚೂರುಗಳತ್ತ ಧಾವಿಸಿತು. ಶಿರಸಿ, ಸಿದ್ದಾಪುರಗಳಲ್ಲಿಯೂ ಹಗಲು ಮಂಕಾಯಿತು. ನಾಡಿನ ಎಷ್ಟೋ ಮನೆಗಳು ಭಯದಿಂದ ಬಾಗಿಲು ಮುಚ್ಚಿಕೊಂಡಿದ್ದ ಆ ಗಳಿಗೆಯಲ್ಲಿ, ಬಪ್ಪು ಅವರ ಸಂಸ್ಥೆಯ ವಿಜ್ಞಾನಿಗಳು ರಾಯಚೂರು ಜಿಲ್ಲೆಯ ಜವಳಗೇರಾದಲ್ಲಿ ಬಿಡಾರ ಹೂಡಿ ಸೂರ್ಯನ ಪ್ರಭಾವಲಯವನ್ನು ಅಭ್ಯಸಿಸುತ್ತಿದ್ದರು. ಒಂದೇ ನೆರಳು ಕೆಲವರಿಗೆ ಭೀತಿಯಾಯಿತು, ಕೆಲವರಿಗೆ ಪಾಠವಾಯಿತು.

1979ರಲ್ಲಿ ಬಪ್ಪು ಅವರು ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಅಧ್ಯಕ್ಷಪದವಿಗೆ ಆಯ್ಕೆಯಾದರು; 1981ರಲ್ಲಿ ಪದ್ಮಭೂಷಣ ಪ್ರಶಸ್ತಿ ದೊರೆಯಿತು. ಆದರೆ ಅವರ ಮನಸ್ಸು ನೆಟ್ಟಿದ್ದುದು ಬೇರೊಂದರಲ್ಲಿ. ದೇಶದೊಳಗೆಯೇ ವಿನ್ಯಾಸಗೊಳಿಸಿ, ದೇಶದೊಳಗೆಯೇ ಕಟ್ಟಬೇಕಾದ 2.34 ಮೀಟರಿನ ದೂರದರ್ಶಕ ಅವರ ಜೀವಿತದ ಹೆಬ್ಬಯಕೆಯಾಗಿತ್ತು. ಅದರ ಬೃಹತ್ ಕನ್ನಡಿಯನ್ನು ಉಜ್ಜಿ ನಯಗೊಳಿಸುವ ಕೆಲಸ ಬೆಂಗಳೂರಿನ ಪ್ರಯೋಗಶಾಲೆಯಲ್ಲಿ ನಡೆಯಿತು. ಅದರ ಪೂರ್ಣರೂಪವನ್ನು ಕಾಣುವ ಭಾಗ್ಯ ಮಾತ್ರ ಅವರಿಗಿರಲಿಲ್ಲ. ಹೃದಯದ ಶಸ್ತ್ರಚಿಕಿತ್ಸೆಯ ಬಳಿಕ 1982ರ ಆಗಸ್ಟ್ 19ರಂದು ಜರ್ಮನಿಯ ಮ್ಯೂನಿಕ್ ನಗರದಲ್ಲಿ, ತಮ್ಮ 55ನೆಯ ವಯಸ್ಸಿನಲ್ಲಿ, ಅವರು ಇಹಲೋಕವನ್ನು ತ್ಯಜಿಸಿದರು.

ಕೈಗೊಂಡ ಕಾಯಕ ನಿಲ್ಲಲಿಲ್ಲ. ಅವರು ತರಬೇತುಗೊಳಿಸಿದ ಸಹೋದ್ಯೋಗಿಗಳೇ ಅದನ್ನು ಪೂರೈಸಿದರು. 1986ರ ಜನವರಿ 6ರಂದು ಅಂದಿನ ಪ್ರಧಾನಿ ರಾಜೀವ್ ಗಾಂಧಿಯವರು ಆ ದೂರದರ್ಶಕಕ್ಕೂ ಕಾವಲೂರಿನ ವೀಕ್ಷಣಾಲಯಕ್ಕೂ ವೈನು ಬಪ್ಪು ಅವರ ಹೆಸರನ್ನಿರಿಸಿದರು.

ಅಡಿಕೆಯ ಸಸಿ ನೆಡುವವನು ಫಲಕ್ಕಾಗಿ ವರುಷಗಟ್ಟಲೆ ಕಾಯಬೇಕು. ಕೆಲವೊಮ್ಮೆ ಆ ಫಲ ದೊರೆಯುವುದು ಮಕ್ಕಳಿಗೆ. ವಿದ್ಯೆಯ ತೋಟವೂ ಅಂಥದೇ. ಪಾಠ ಹೇಳಿದ ಗುರುಗಳಾಗಲಿ ಕಟ್ಟಡಕ್ಕೆ ಕಲ್ಲು ಒದಗಿಸಿದ ದಾನಿಗಳಾಗಲಿ ತಮ್ಮ ಶ್ರಮದ ಪೂರ್ಣಫಲವನ್ನು ಕಾಣುವುದು ವಿರಳ. ವಿಶ್ವದ ವೈಶಾಲ್ಯದ ಮುಂದೆ ಮನುಷ್ಯನ ಸ್ಥಾನ ಧೂಳಿನ ಕಣಕ್ಕಿಂತಲೂ ಕಿರಿದು. ಆ ಕಿರಿತನವನ್ನು ಅಳೆದು ತಿಳಿದವನೂ ಮನುಷ್ಯನೇ ಎಂಬುದು ಅವನ ಹಿರಿಮೆ. ಆ ಅಳತೆಗೋಲನ್ನು ಮುಂದಿನವರ ಕೈಗೆ ದಾಟಿಸಿ ಹೋದ ಡಾ. ವೈನು ಬಪ್ಪು ಅವರ ಬದುಕು ಕಲಿಯುವವರಿಗೂ ಕಲಿಸುವವರಿಗೂ ಸದಾ ಅನುಕರಣೀಯ.