ವ್ಲಾದಿಮಿರ್ ಬೆಖ್ತೆರೆವ್

ವ್ಲಾದಿಮಿರ್ ಮಿಖಾಯ್ಲೊವಿಚ್ ಬೆಖ್ತೆರೆವ್ (1857–1927) ರಷ್ಯಾದ ಪ್ರಸಿದ್ಧ ನರರೋಗತಜ್ಞರು ಹಾಗೂ ಮನೋವೈದ್ಯರು. ಮಿದುಳಿನ ರಚನೆಯ ಅಧ್ಯಯನಕ್ಕೆ ಹೆಸರಾದ ಇವರು, ಬೆನ್ನುಮೂಳೆ ಪೆಡಸಾಗಿ ಬಾಗುವ ರೋಗವನ್ನು ಪ್ರತ್ಯೇಕ ವ್ಯಾಧಿಯೆಂದು ಗುರುತಿಸಿದ ಮೊದಲಿಗರಲ್ಲಿ ಒಬ್ಬರು. ಆಂಕಿಲೋಸಿಂಗ್ ಸ್ಪಾಂಡಿಲೈಟಿಸ್ ಎಂಬ ಉರಿಯೂತದ ಸಂಧಿವಾತವನ್ನು ರಷ್ಯಾ, ಜರ್ಮನಿ ಮೊದಲಾದ ದೇಶಗಳಲ್ಲಿ ಇಂದಿಗೂ ಬೆಖ್ತೆರೆವ್ ರೋಗವೆಂದು ಕರೆಯುತ್ತಾರೆ.

ಬಾಲ್ಯ ಮತ್ತು ಶಿಕ್ಷಣ

ಬೆಖ್ತೆರೆವ್ ಅವರು 1857ರ ಫೆಬ್ರವರಿ 1ರಂದು ವ್ಯಾಟ್ಕ ಪ್ರಾಂತ್ಯದ ಸೊರಾಲಿ ಗ್ರಾಮದಲ್ಲಿ ಜನಿಸಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳೆದುಕೊಂಡರು. 1873ರಲ್ಲಿ, ತಮ್ಮ 16ನೆಯ ವಯಸ್ಸಿನಲ್ಲಿ, ಸೇಂಟ್ ಪೀಟರ್ಸ್‌ಬರ್ಗ್ ನಗರದ ವೈದ್ಯಕೀಯ ಅಕಾಡೆಮಿಯನ್ನು ಸೇರಿ 1878ರಲ್ಲಿ ಪದವಿ ಪಡೆದರು. 1881ರಲ್ಲಿ ಡಾಕ್ಟರೇಟ್ ಗಳಿಸಿದರು. ಬಳಿಕ ಲೈಪ್‌ಜಿಗ್‌ನಲ್ಲಿ ವುಂಟ್, ಪ್ಯಾರಿಸ್ಸಿನಲ್ಲಿ ಶಾರ್ಕೊ ಮೊದಲಾದವರ ಬಳಿ ಉನ್ನತ ಅಧ್ಯಯನ ಮಾಡಿದರು.

ವೃತ್ತಿಜೀವನ

1885ರಲ್ಲಿ ಕಜಾನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿ ನೇಮಕಗೊಂಡ ಇವರು ಅಲ್ಲಿ ಪ್ರಾಯೋಗಿಕ ಮನೋವಿಜ್ಞಾನದ ಪ್ರಯೋಗಾಲಯವನ್ನು ಸ್ಥಾಪಿಸಿದರು. 1893ರಲ್ಲಿ ಸೇಂಟ್ ಪೀಟರ್ಸ್‌ಬರ್ಗ್‌ಗೆ ಮರಳಿ, ಮುಂದೆ ಅಲ್ಲಿಯೇ ಮನೋನರವೈಜ್ಞಾನಿಕ ಸಂಸ್ಥೆಯನ್ನು ಕಟ್ಟಿದರು. 1913ರ ಬೈಲಿಸ್ ಮೊಕದ್ದಮೆಯಲ್ಲಿ, ನರಬಲಿಯ ಸುಳ್ಳು ಆರೋಪ ಹೊತ್ತಿದ್ದ ಯಹೂದಿ ಕಾರ್ಮಿಕನ ಪರವಾಗುವಂತೆ ತಜ್ಞ ಸಾಕ್ಷ್ಯ ನುಡಿದರು.

ಬೆನ್ನುಮೂಳೆಯ ರೋಗದ ಅಧ್ಯಯನ

ಬೆನ್ನು ಬಿಗಿದು ಬಾಗಿದ್ದ ಕೆಲವು ರೋಗಿಗಳ ವಿವರಗಳನ್ನು ಬೆಖ್ತೆರೆವ್ 1890ರ ದಶಕದ ಆರಂಭದಲ್ಲಿ ಪ್ರಕಟಿಸಿದರು. ಆನುವಂಶಿಕತೆ ಹಾಗೂ ಬೆನ್ನಿಗಾದ ಪೆಟ್ಟು ಇದಕ್ಕೆ ಕಾರಣವೆಂದೂ, ನರಗಳ ಬೇರುಗಳು ಬಾಧಿತವಾಗುತ್ತವೆಂದೂ ಅವರು ಭಾವಿಸಿದ್ದರು. ಅವರು ಕಂಡ ರೋಗವು ಬೆನ್ನಿನ ಮೇಲ್ಭಾಗದಿಂದ ಕೆಳಕ್ಕೆ ಹರಡುತ್ತಿತ್ತು. ಜರ್ಮನಿಯ ಸ್ಟ್ರುಂಪೆಲ್ ಮತ್ತು ಫ್ರಾನ್ಸಿನ ಪಿಯರ್ ಮರಿ ವರ್ಣಿಸಿದ ರೋಗವಾದರೋ ಕೆಳಗಿನಿಂದ ಮೇಲೇರುವಂಥದು, ಸೊಂಟದ ಕೀಲುಗಳನ್ನೂ ಬಾಧಿಸುವಂಥದು. ಇಂದಿನ ತಿಳಿವಳಿಕೆಗೆ ಹೆಚ್ಚು ಹೊಂದುವುದು ಈ ಎರಡನೆಯ ವರ್ಣನೆಯೇ. ಆದ್ದರಿಂದ ಬೆಖ್ತೆರೆವ್ ಕಂಡ ರೋಗಿಗಳೆಲ್ಲರಿಗೂ ಇದೇ ರೋಗವಿತ್ತೇ ಎಂಬ ಬಗ್ಗೆ ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿದೆ. ಆದರೂ ರೋಗಕ್ಕೆ ಅವರ ಹೆಸರು ಉಳಿದುಕೊಂಡಿತು.

ನಂತರದ ಸಂಶೋಧನೆ

ಆನುವಂಶಿಕತೆಯ ಕುರಿತ ಅವರ ಊಹೆಗೆ 1973ರಲ್ಲಿ ಆಧಾರ ದೊರೆಯಿತು. ಈ ರೋಗಕ್ಕೂ ಎಚ್‌ಎಲ್‌ಎ-ಬಿ27 ಎಂಬ ಆನುವಂಶಿಕ ಅಂಶಕ್ಕೂ ಗಾಢ ಸಂಬಂಧವಿರುವುದನ್ನು ಲಂಡನ್ ಮತ್ತು ಲಾಸ್ ಏಂಜಲೀಸ್‌ನ ಸಂಶೋಧಕರು ಪ್ರತ್ಯೇಕವಾಗಿ ಕಂಡುಕೊಂಡರು. ಆದರೆ ಈ ಅಂಶವುಳ್ಳ ಬಹುತೇಕರಿಗೆ ರೋಗ ಬರುವುದಿಲ್ಲ. ಪೂರ್ಣ ಕಾರಣ ಇನ್ನೂ ತಿಳಿದಿಲ್ಲ. ಚಿಕಿತ್ಸೆಯ ಹಾದಿಯೂ ಸುಗಮವಾಗಿರಲಿಲ್ಲ. ಇಪ್ಪತ್ತನೆಯ ಶತಮಾನದ ಮಧ್ಯಭಾಗದಲ್ಲಿ ಬಳಕೆಯಲ್ಲಿದ್ದ ಕ್ಷಕಿರಣ ಚಿಕಿತ್ಸೆಯು ರಕ್ತದ ಕ್ಯಾನ್ಸರಿಗೆ ಎಡೆಮಾಡುವುದನ್ನು 1957ರ ಬ್ರಿಟಿಷ್ ಅಧ್ಯಯನ ತೋರಿಸಿತು. ಇಂದು ನಿತ್ಯ ವ್ಯಾಯಾಮ, ಉರಿಯೂತ ತಗ್ಗಿಸುವ ಮಾತ್ರೆಗಳು ಹಾಗೂ 2000ದ ಆಸುಪಾಸಿನಿಂದ ಬಂದ ಜೈವಿಕ ಔಷಧಗಳು ಚಿಕಿತ್ಸೆಯ ಆಧಾರಗಳಾಗಿವೆ. ಸಾಮಾನ್ಯವಾಗಿ ಯೌವನದಲ್ಲಿಯೇ ತಲೆದೋರುವ ಈ ರೋಗವನ್ನು ಬೇಗ ಗುರುತಿಸಿದರೆ ಬೆನ್ನು ಬಾಗುವುದನ್ನು ಬಹುಮಟ್ಟಿಗೆ ತಡೆಯಬಹುದು.

ನಿಧನ

1927ರ ಡಿಸೆಂಬರ್ 24ರಂದು, ವೈದ್ಯರ ಸಮ್ಮೇಳನಕ್ಕೆಂದು ಮಾಸ್ಕೋಗೆ ಬಂದಿದ್ದಾಗ, ಬೆಖ್ತೆರೆವ್ ಹಠಾತ್ತನೆ ನಿಧನರಾದರು. ಸ್ಟಾಲಿನ್‌ಗೆ ಮಾನಸಿಕ ರೋಗವಿದೆಯೆಂದು ಹೇಳಿದ್ದರಿಂದ ಅವರಿಗೆ ವಿಷವಿಕ್ಕಲಾಯಿತೆಂಬ ವದಂತಿ ಪ್ರಚಲಿತವಾಗಿದ್ದರೂ ಅದು ಸಾಬೀತಾಗಿಲ್ಲ. ಸೇಂಟ್ ಪೀಟರ್ಸ್‌ಬರ್ಗ್‌ನ ಮನೋನರವೈಜ್ಞಾನಿಕ ಸಂಶೋಧನಾ ಸಂಸ್ಥೆಯೊಂದು ಇಂದಿಗೂ ಅವರ ಹೆಸರನ್ನು ಹೊತ್ತಿದೆ.